ಟೆಸ್ಲಾ ಸುರುಳಿಯ ಶ್ರುತಿಗೊಳಿಸುವಿಕೆ

ಟೆಸ್ಲಾ ಸುರುಳಿಯು ಅಧಿಕ ಆವೃತ್ತಿಯ, ಅಧಿಕ ವೋಲ್ಟೇಜಿನ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸುವ ಅನುರಣನ ಪರಿವರ್ತಕವಾಗಿದೆ. ನಿಕೋಲಾ ಟೆಸ್ಲಾ ಇದನ್ನು 1891ರಲ್ಲಿ ರೂಪಿಸಿದರು. ಹವ್ಯಾಸಿಗಳು ನಿರ್ಮಿಸುವ ಸುರುಳಿಗಳಲ್ಲಿ ಕಿಡಿ ದುರ್ಬಲವಾಗಿರಲು ಹಲವು ವೇಳೆ ಕಾರಣ ವಿದ್ಯುತ್ತಿನ ಕೊರತೆಯಲ್ಲ. ಪ್ರಾಥಮಿಕ ಮತ್ತು ದ್ವಿತೀಯಕ ಮಂಡಲಗಳ ಆವೃತ್ತಿಗಳು ಹೊಂದಿಕೆಯಾಗದಿರುವುದು.

ಹೊಂದಾಣಿಕೆ

ಪ್ರಾಥಮಿಕ ಮಂಡಲದ ಆವೃತ್ತಿಯನ್ನು ಸುರುಳಿಯ ಪ್ರೇರಕತೆ ಮತ್ತು ಧಾರಕದ ಧಾರಕತೆಗಳು ನಿರ್ಧರಿಸುತ್ತವೆ. ದ್ವಿತೀಯಕದಲ್ಲಿ ಸುರುಳಿಯ ಜೊತೆಗೆ ಅದರ ತುದಿಯ ಲೋಹದ ಉಂಗುರವೂ ಧಾರಕತೆಯನ್ನು ಒದಗಿಸುತ್ತದೆ. ಆದ್ದರಿಂದ ಉಂಗುರವನ್ನು ಬದಲಿಸಿದಾಗ ಮರುಹೊಂದಾಣಿಕೆ ಅಗತ್ಯ. ಪ್ರಾಥಮಿಕ ಸುರುಳಿಯ ಸಂಪರ್ಕಬಿಂದುವನ್ನು ಸ್ವಲ್ಪಸ್ವಲ್ಪವಾಗಿ ಸರಿಸಿ, ಅತಿ ಉದ್ದದ ಕಿಡಿ ದೊರೆಯುವ ಸ್ಥಾನವನ್ನು ಗುರುತಿಸಲಾಗುತ್ತದೆ. ಹೊರಚಿಮ್ಮುವ ಕಿಡಿಗಳು ದ್ವಿತೀಯಕದ ಧಾರಕತೆಯನ್ನು ಹೆಚ್ಚಿಸಿ ಅದರ ಆವೃತ್ತಿಯನ್ನು ತಗ್ಗಿಸುವುದರಿಂದ, ಪ್ರಾಥಮಿಕದ ಆವೃತ್ತಿಯನ್ನು ತುಸು ಕಡಿಮೆ ಇರಿಸುವುದು ವಾಡಿಕೆ.

ಸಾಮಾನ್ಯ ದೋಷಗಳು

- ದ್ವಿತೀಯಕ ಸುರುಳಿಯ ಮೇಲ್ಮೈಯಲ್ಲಿ ಕಿಡಿ ಹರಿಯುವುದು: ಎರಡು ಸುರುಳಿಗಳ ನಡುವಿನ ಜೋಡಣೆ ಅತಿ ಬಿಗಿಯಾಗಿರುವುದರ ಲಕ್ಷಣ. ದ್ವಿತೀಯಕವನ್ನು ತುಸು ಮೇಲೆತ್ತುವುದು ಪರಿಹಾರ.
- ಕಿಡಿ ಅಂತರ ಕಾಯುವುದು: ಕಾದ ಅಂತರದಲ್ಲಿ ಕಿಡಿ ಬೇಗನೆ ಆರುವುದಿಲ್ಲ. ಗಾಳಿ ಹಾಯಿಸುವುದು ಅಥವಾ ಒಂದು ಅಂತರವನ್ನು ಸರಣಿಯಲ್ಲಿ ಹಲವು ಕಿರು ಅಂತರಗಳಾಗಿ ವಿಭಜಿಸುವುದು ಉಪಯುಕ್ತ.
- ದುರ್ಬಲ ಭೂಸಂಪರ್ಕ: ದ್ವಿತೀಯಕದ ಕೆಳತುದಿಗೆ ಪ್ರತ್ಯೇಕ ಭೂಸಂಪರ್ಕ ಬೇಕು. ಮನೆಯ ಅರ್ಥಿಂಗ್ ತಂತಿಯನ್ನು ಬಳಸಿದರೆ ಇತರ ಉಪಕರಣಗಳಿಗೆ ಹಾನಿಯಾಗಬಹುದು.

ಹೊಂದಾಣಿಕೆಯಿಲ್ಲದ ಸುರುಳಿಗೆ ಹೆಚ್ಚಿನ ವಿದ್ಯುತ್ತನ್ನು ಹರಿಸಿದರೆ ಧಾರಕ ಅಥವಾ ಪರಿವರ್ತಕ ಕೆಡಬಹುದು.

ಸುರಕ್ಷತೆ

ಪ್ರಾಥಮಿಕ ಮಂಡಲದ ಆಘಾತ ಮಾರಣಾಂತಿಕವಾಗಬಲ್ಲದು. ವಿದ್ಯುತ್ ಕಡಿತಗೊಳಿಸಿದ ನಂತರವೂ ಧಾರಕದಲ್ಲಿ ಆವೇಶ ಉಳಿದಿರುತ್ತದೆ. ಅದನ್ನು ಬರಿದುಮಾಡದೆ ಯಾವ ಭಾಗವನ್ನೂ ಮುಟ್ಟಬಾರದು.