ಕಿವಿಗಲ್ಲಿನಲ್ಲಿ ಉಳಿದ ನೀರು: ಸ್ಯಾಂಡಸ್ಕಿ ನದಿಯ ನಾಲ್ಕು ಹುಲ್ಲುಗೆಂಡೆಗಳು

2012ರ ಅಕ್ಟೋಬರಿನಲ್ಲಿ ಅಮೆರಿಕದ ಓಹಾಯೋ ರಾಜ್ಯದ ಸ್ಯಾಂಡಸ್ಕಿ ನದಿಯಲ್ಲಿ ಮೀನುಗಾರರ ಬಲೆಗೆ ನಾಲ್ಕು ಹುಲ್ಲುಗೆಂಡೆಗಳು ಬಿದ್ದವು. ನಮ್ಮ ಕೆರೆಗಳಲ್ಲಿ ಕಾಟ್ಲಾ, ರೋಹುಗಳ ಜೊತೆ ಬಿತ್ತನೆ ಮಾಡುವ ಮೀನೇ ಇದು. ನೀರುಕಳೆ ಮೇಯುತ್ತದೆಂಬ ಕಾರಣಕ್ಕೆ 1963ರಲ್ಲಿ ಅಮೆರಿಕಕ್ಕೂ ಹೋಯಿತು. ಸ್ಯಾಂಡಸ್ಕಿ ಸೇರುವುದು ಈರಿ ಸರೋವರವನ್ನು. ಆ ಸುತ್ತಿನಲ್ಲಿ ಹುಲ್ಲುಗೆಂಡೆ ಅದಕ್ಕೂ ಮೊದಲು ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದುಂಟು. ಅವನ್ನು ಯಾರದೋ ಹೊಂಡದಿಂದ ತಪ್ಪಿಸಿಕೊಂಡವೆಂದು ತಿಳಿಯಬಹುದಿತ್ತು. ಆದರೆ ಈ ನಾಲ್ಕಕ್ಕೆ ಒಂದು ವರ್ಷ ದಾಟಿತ್ತು, ಅಷ್ಟೇ. ಇಷ್ಟು ಎಳೆಯವು ಹೊರಗಿನಿಂದ ಬಂದವೋ, ಆ ನದಿಯಲ್ಲೇ ಹುಟ್ಟಿದವೋ ಎಂಬ ಪ್ರಶ್ನೆ ಎದ್ದಿತು. ಹೊರಗಿನವಾದರೆ ಬಿತ್ತನೆಗೆ ಕಡಿವಾಣ ಹಾಕಿದರೆ ಸಾಕು. ಅಲ್ಲೇ ಹುಟ್ಟಿದವಾದರೆ ಕಾನೂನಿನಿಂದ ಆಗುವ ಕೆಲಸವಲ್ಲ.

ಹುಲ್ಲುಗೆಂಡೆ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ನಮ್ಮ ಮೀನುಮರಿ ಕೇಂದ್ರಗಳಲ್ಲಿ ಹಾರ್ಮೋನ್ ಚುಚ್ಚಿಯೇ ಅದರಿಂದ ಮೊಟ್ಟೆ ಇಡಿಸಬೇಕು. ಸ್ವಾಭಾವಿಕವಾಗಿ ಅದು ಮೊಟ್ಟೆ ಬಿಡುವುದು ಹರಿಯುವ ನದಿಯಲ್ಲಿ. ಮೊಟ್ಟೆ ತಳಕ್ಕೆ ಕೂರದೆ, ಸೆಳವಿನಲ್ಲಿ ತೇಲುತ್ತ ಸಾಗಿ ಒಡೆಯಬೇಕು. ಅದಕ್ಕೆ ಬಹು ಉದ್ದದ ನದಿಯೇ ಬೇಕೆಂದು ನಂಬಲಾಗಿತ್ತು. ಸ್ಯಾಂಡಸ್ಕಿ ಅಂಥ ನದಿಯೇನಲ್ಲ. ಸಂಶೋಧಕ ಡ್ಯುವೇನ್ ಚಾಪ್‌ಮನ್ ಮತ್ತು ಸಂಗಡಿಗರು ಈ ನಾಲ್ಕು ಮೀನುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಲೇಖನವೇ ಈ ಟಿಪ್ಪಣಿಯ ವಸ್ತು. ಅವು ಅಲ್ಲೇ ಹುಟ್ಟಿರಬೇಕೆಂಬುದು ಅವರ ತೀರ್ಮಾನ. ನನ್ನ ಆಸಕ್ತಿಯಿರುವುದು ಅವರು ಮುಂದಿಟ್ಟ ಸಾಕ್ಷ್ಯಗಳ ತೂಕದಲ್ಲಿ. ಅವೆಲ್ಲ ಒಂದೇ ತೂಕದವಲ್ಲ.

ಮೊದಲು ಸಾಕ್ಷಿಯ ಪರಿಚಯ. ಮೀನಿನ ತಲೆ ತಿನ್ನುವವರಿಗೆ ಒಮ್ಮೊಮ್ಮೆ ಹಲ್ಲಿಗೆ ಸಿಗುವ ಬಿಳಿ ಕಲ್ಲೇ ಕಿವಿಗಲ್ಲು, ಒಟೋಲಿತ್. ಒಳಗಿವಿಯಲ್ಲಿ ಮೂರು ಜೊತೆ ಇರುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಈ ಕಲ್ಲು ಮೀನಿನ ಜೊತೆಗೇ ಪದರ ಪದರವಾಗಿ ಬೆಳೆಯುತ್ತದೆ; ಅಡ್ಡ ಕೊಯ್ದರೆ ಮರದ ಬಳೆಗಳಂತೆ ವರ್ಷಗಳನ್ನು ಎಣಿಸಬಹುದು. ಮೂಳೆ, ಹುರುಪೆಗಳನ್ನು ದೇಹ ಕರಗಿಸಿ ಮರಳಿ ಕಟ್ಟುವುದುಂಟು, ಕಿವಿಗಲ್ಲನ್ನು ಹಾಗೆ ಮುಟ್ಟುವುದಿಲ್ಲ. ಸ್ಟ್ರಾಂಷಿಯಂ ಕ್ಯಾಲ್ಸಿಯಂನ ದಾಯಾದಿ. ನೀರಿನಲ್ಲಿ ಅದು ಹೆಚ್ಚಿದ್ದರೆ ಕಲ್ಲಿನಲ್ಲೂ ಕ್ಯಾಲ್ಸಿಯಂನ ಜಾಗದಲ್ಲಿ ಹೆಚ್ಚು ಕೂರುತ್ತದೆ. ನಡುವಿನಿಂದ ಅಂಚಿನವರೆಗೆ ಇವೆರಡರ ಅನುಪಾತವನ್ನು ಅಳೆಯುತ್ತ ಹೋದರೆ, ಹುಟ್ಟಿದಂದಿನಿಂದ ಹಿಡಿದ ದಿನದವರೆಗೆ ಮೀನು ಕಂಡ ನೀರಿನ ದಾಖಲೆ ಸಿಗುತ್ತದೆ.

ಆದರೆ ಎರಡು ನೀರುಗಳ ಅನುಪಾತ ಒಂದೇ ಆಗಿದ್ದರೆ ಈ ದಾಖಲೆಯಿಂದ ಉಪಯೋಗವಿಲ್ಲ. ಸಂಶೋಧಕರ ಅದೃಷ್ಟಕ್ಕೆ ಈರಿಯ ನೈಋತ್ಯ ದಂಡೆಯ ಶಿಲೆಯಲ್ಲಿ ಸ್ಟ್ರಾಂಷಿಯಂ ಸಲ್ಫೇಟಿನ ಖನಿಜವಾದ ಸೆಲೆಸ್ಟೈಟ್ ಇದೆ; ಹಾಗಾಗಿ ಅಲ್ಲಿನ ನದಿಗಳ ನೀರಿನಲ್ಲೂ ಸ್ಟ್ರಾಂಷಿಯಂ ಹೆಚ್ಚು. ಸ್ಯಾಂಡಸ್ಕಿ ಕೊಲ್ಲಿಯಿಂದ ದೂರವಲ್ಲದ ಸೌತ್ ಬಾಸ್ ದ್ವೀಪದಲ್ಲಿ 1897ರಲ್ಲಿ ಬಾವಿ ತೋಡುವಾಗ ಸೆಲೆಸ್ಟೈಟ್ ಹರಳುಗಳ ಒಂದು ಗವಿಯೇ ಸಿಕ್ಕಿತು. ಅಲ್ಲಿಂದ ಕಿತ್ತ ಹರಳು ಪಟಾಕಿ ತಯಾರಿಕೆಗೆ ಹೋಯಿತು. ನಮ್ಮ ದೀಪಾವಳಿಯ ಮತಾಪಿಗೆ ಕೆಂಪು ಬಣ್ಣ ಕೊಡುವುದೂ ಇದೇ ಸ್ಟ್ರಾಂಷಿಯಂ.

ಇನ್ನು ಲೇಖಕರ ನಾಲ್ಕು ಸಾಕ್ಷ್ಯಗಳು. ಓಹಾಯೋದಲ್ಲಿ ಬಿತ್ತನೆಗೆ ಅನುಮತಿಯಿರುವುದು ಮೂರು ಪ್ರತಿ ವರ್ಣತಂತುಗಳಿರುವ ಬಂಜೆ ಹುಲ್ಲುಗೆಂಡೆಗೆ ಮಾತ್ರ. ನಾಲ್ಕರಲ್ಲಿ ಕನಿಷ್ಠ ಎರಡು ಮೀನುಗಳಲ್ಲಿ ಎರಡೇ ಪ್ರತಿ ಇದ್ದವು, ಅಂದರೆ ಅವು ಮರಿ ಮಾಡಬಲ್ಲವು. ಇದನ್ನು ನಾನು ಹೆಚ್ಚು ತೂಗಲಾರೆ. ಕಾನೂನು ಬೇಡವೆಂದದ್ದನ್ನು ಯಾರೂ ಮಾಡಿರಲಾರರು ಎನ್ನುವುದು ಸಾಕ್ಷ್ಯವಾಗುವುದಿಲ್ಲ. ಎರಡನೆಯದು, ನಾಲ್ಕೂ ಕಲ್ಲುಗಳಲ್ಲಿ ನಡುವಿನಿಂದ ಅಂಚಿನವರೆಗೂ ಸ್ಟ್ರಾಂಷಿಯಂ ಹೆಚ್ಚಿತ್ತು, ಹೋಲಿಕೆಗೆ ತಂದ ಮಿಸೂರಿ, ಅರ್ಕನ್ಸಾ ರಾಜ್ಯಗಳ ಹೊಂಡದ ಮೀನುಗಳಿಗಿಂತ ಹೆಚ್ಚು. ದೂರದ ಹೊಂಡಗಳನ್ನು ಇದು ಕೈಬಿಡಿಸುತ್ತದೆ, ಒಪ್ಪಿದೆ. ಆದರೆ ಅದೇ ಸೆಲೆಸ್ಟೈಟ್ ಶಿಲೆಯ ಮೇಲೆ ಯಾರೋ ಒಂದು ಹೊಂಡ ತೋಡಿ ಸಾಕಿದ್ದರೆ? ಮೂರನೆಯದು ಈ ಅನುಮಾನಕ್ಕೆ ಅರ್ಧ ಉತ್ತರ: ನದಿಯ ಮೀನುಗಳಲ್ಲಿ ಅನುಪಾತ ಏರಿಳಿಯುತ್ತಿತ್ತು, ಹೊಂಡದವುಗಳಲ್ಲಿ ಅಷ್ಟು ಏರಿಳಿತವಿರಲಿಲ್ಲ.

ನನಗೆ ಒಪ್ಪಿಗೆಯಾಗುವುದು ನಾಲ್ಕನೆಯದು. 2011 ಓಹಾಯೋದಲ್ಲಿ ದಾಖಲೆ ಮಳೆಯ ವರ್ಷ. 2012 ಬರದ ವರ್ಷ. ಈ ನದಿಗಳಲ್ಲಿ ಹರಿವು ಏರಿದಾಗ ಸ್ಟ್ರಾಂಷಿಯಂನ ಅನುಪಾತ ಇಳಿಯುತ್ತದೆ, ಹರಿವು ತಗ್ಗಿದಾಗ ಏರುತ್ತದೆ. ಬೇಸಿಗೆಯಲ್ಲಿ ನದಿಗೆ ಕಲ್ಲಿನೊಳಗಿಂದ ಒಸರುವ ಅಂತರ್ಜಲವೇ ಆಧಾರ, ಮಳೆಗಾಲದಲ್ಲಿ ಮೇಲ್ನೀರು ಅದನ್ನು ತೆಳುವಾಗಿಸುತ್ತದೆ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಕಿವಿಗಲ್ಲುಗಳಲ್ಲೂ 2011ರ ಪದರದಲ್ಲಿ ಅನುಪಾತ ಕಡಿಮೆ, 2012ರದರಲ್ಲಿ ಹೆಚ್ಚು. ಬಿತ್ತನೆಯ ಮೀನು ಮೊದಲ ವರ್ಷವನ್ನು ಹೊಂಡದಲ್ಲಿ ಕಳೆದಿದ್ದರೆ ಆ ವರ್ಷದ ನೆರೆ ಅದರ ಕಲ್ಲಿಗೆ ತಾಗುವುದು ಹೇಗೆ? ನಾಲ್ಕೇ ಮೀನು, ಎರಡೇ ವರ್ಷ ಎಂಬ ಮಿತಿ ಇದ್ದೇ ಇದೆ. ಇಲ್ಲೇ ಹುಟ್ಟಿರುವುದೇ ಅತಿ ಸಂಭವನೀಯ ಎಂಬಲ್ಲಿಗೆ ಲೇಖಕರು ಮಾತು ನಿಲ್ಲಿಸಿದ್ದು ಸರಿ. 2015ರಲ್ಲಿ ಸ್ಯಾಂಡಸ್ಕಿಯ ನೀರಿನಲ್ಲಿ ಹುಲ್ಲುಗೆಂಡೆಯ ಎಂಟು ಮೊಟ್ಟೆಗಳು ದೊರೆತವು.

ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಮೀನಿದೆ. ಮಿಸಿಸಿಪಿ ಕಡೆಯ ಗೆಂಡೆಗಳು ಮಿಶಿಗನ್ ಸರೋವರಕ್ಕೆ ಹತ್ತದಂತೆ ಷಿಕಾಗೊ ಬಳಿಯ ಕಾಲುವೆಯಲ್ಲಿ ವಿದ್ಯುತ್ ತಡೆ ಹಾಕಿದ್ದಾರೆ. 2017ರ ಜೂನ್ 22ರಂದು ಆ ತಡೆಯ ಆಚೆ, ಸರೋವರಕ್ಕೆ ಸುಮಾರು 9 ಮೈಲಿ ದೂರದಲ್ಲಿ, ಲಿಟಲ್ ಕ್ಯಾಲುಮೆಟ್ ನದಿಯಲ್ಲಿ ಒಂದು ಬೆಳ್ಳಿಗೆಂಡೆ ಸಿಕ್ಕಿತು. ನಾಲ್ಕು ವರ್ಷದ ಗಂಡು. ಅದು ಹುಟ್ಟಿದ್ದು ಇಲಿನಾಯ್ ಅಥವಾ ನಡು ಮಿಸಿಸಿಪಿಯ ನೀರಿನಲ್ಲಿ. ಆಯುಸ್ಸಿನ ಕಾಲು ಭಾಗ ಕಳೆದದ್ದು ತಡೆಯ ಈಚೆ ಬದಿಯ ಡೆ ಪ್ಲೇನ್ಸ್ ನದಿಯ ಜಲಾನಯನದಲ್ಲಿ. ಸಿಕ್ಕಿದ ಜಾಗಕ್ಕೆ ಬಂದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಆಗಿತ್ತು. ಇಷ್ಟನ್ನು ಕಿವಿಗಲ್ಲು ತಿಳಿಸಿತು. ವಿದ್ಯುತ್ ತಡೆ ಸೋತಿತೇ ಎಂದು ತಿಳಿಯಬೇಕಿದ್ದವರಿಗೆ ಇದು ಸಾಲಲಿಲ್ಲ. ತಡೆಯನ್ನು ಈಜಿ ದಾಟಿದ ಮೀನಿನ ಕಲ್ಲಿನಲ್ಲೂ, ಬಕೆಟ್ಟಿನಲ್ಲಿ ತಂದು ಆಚೆ ಬಿಟ್ಟ ಮೀನಿನ ಕಲ್ಲಿನಲ್ಲೂ ಬರೆದಿರುವುದು ಒಂದೇ: ಮೊದಲು ಆ ನೀರು, ಆಮೇಲೆ ಈ ನೀರು.