ಗುತ್ತಿಯಿಂದ ಹೊರಟ ಒಂದು ಕಾಗದ

ವಾರ್ಷಿಕ ಮಹಾಸಭೆ ಬಂತೆಂದರೆ ನಮ್ಮಂಥ ಸಂಘಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ವರದಿ ಓದಿದ್ದಾಯಿತು, ಲೆಕ್ಕಪತ್ರಕ್ಕೆ ಒಪ್ಪಿಗೆಯೂ ದೊರೆಯಿತು. ‘ಮುಂದಿನ ಗೌರವ ಕಾರ್ಯದರ್ಶಿ ಯಾರು?’ ಎಂದು ಅಧ್ಯಕ್ಷರು ಕೇಳಿದೊಡನೆ ಸಭೆಯೆಲ್ಲ ಮೌನ. ಒಬ್ಬರಿಗೆ ಊರಿಗೆ ಹೋಗುವ ಕೊನೆಯ ಬಸ್ಸಿನ ನೆನಪು, ಇನ್ನೊಬ್ಬರಿಗೆ ಮಗಳ ಪರೀಕ್ಷೆಯ ಚಿಂತೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಮಾತನ್ನು ಮನೆಯವರ ಬಾಯಿಂದ ಕೇಳದ ಪದಾಧಿಕಾರಿ ಯಾವ ಸಂಘದಲ್ಲಿಯೂ ಇರಲಿಕ್ಕಿಲ್ಲ. ಸಂಬಳವಿಲ್ಲದ ಈ ಕೆಲಸದಿಂದ ಬರುವುದೇನು, ಹೊರಬೇಕಾದದ್ದೇನು? ಈ ಪ್ರಶ್ನೆಯನ್ನು ಹಿಡಿದು ಕುಳಿತಾಗ ನಮಗೆ ನೆನಪಾದದ್ದು ನೂರು ವರ್ಷಕ್ಕೂ ಹಿಂದೆ ಹುಟ್ಟಿ ಇಂದಿಗೂ ಬಾಳುತ್ತಿರುವ ಒಂದು ಸಂಘದ ಕಥೆ.

ಮುಂಬಯಿಯಿಂದ ಚೆನ್ನೈಗೆ ರೈಲಿನಲ್ಲಿ ಹೋದವರು ರಾಯಚೂರು, ಗುಂತಕಲ್ಲು ದಾಟಿದ ಮೇಲೆ ಗುತ್ತಿ ಎಂಬ ಊರನ್ನು ನೋಡಿರಬಹುದು. ಬೆಟ್ಟದ ಮೇಲೆ ಹಳೆಯ ಕೋಟೆಯಿರುವ ಊರು. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾದ ಅನಂತಪುರ ಜಿಲ್ಲೆಗೆ ಸೇರಿದ್ದು. 1906ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬವರು ಅಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದರು. ಹಗಲೆಲ್ಲ ಕಂದಾಯದ ಕಡತ. ಆದರೆ ಮನಸ್ಸೆಲ್ಲ ಗಣಿತದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ ಇಂಗ್ಲೆಂಡಿನ ಪತ್ರಿಕೆಗೆ ಇವರು ಕಳಿಸುತ್ತಿದ್ದ ಬರಹಗಳನ್ನು ಕಂಡು ಅಲ್ಲಿಯ ಸಂಪಾದಕರು ‘ಪ್ರೊಫೆಸರ್’ ಎಂದೇ ಸಂಬೋಧಿಸಿದರಂತೆ. ಪಾಠ ಹೇಳದ ಈ ಅಧಿಕಾರಿಗೆ ಆ ಬಿರುದು ಹಾಗೆಯೇ ಅಂಟಿಕೊಂಡಿತು.

ಆ ಕಾಲದಲ್ಲಿ ಗಣಿತದ ಹೊಸ ಪುಸ್ತಕ, ಪತ್ರಿಕೆಗಳೆಲ್ಲ ವಿಲಾಯಿತಿಯಿಂದ ಬರಬೇಕು. ಒಬ್ಬೊಬ್ಬರೇ ಕೊಳ್ಳುವ ಶಕ್ತಿ ಯಾರಿಗಿದೆ? ಎಲ್ಲರೂ ಚಂದಾ ಹಾಕಿ ತರಿಸಿ, ಅಂಚೆಯ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟಿಸಿ ಓದೋಣವೆಂದು 1906ರ ಡಿಸೆಂಬರಿನಲ್ಲಿ ರಾಮಸ್ವಾಮಿ ಅಯ್ಯರ್ ಅಲ್ಲಲ್ಲಿಯ ಗಣಿತಪ್ರಿಯರಿಗೆ ಕಾಗದ ಬರೆದರು. 1907ರ ಏಪ್ರಿಲಿನಲ್ಲಿ ಸುಮಾರು 20 ಮಂದಿಯೊಡನೆ ಸಂಘ ಹುಟ್ಟಿತು. ಮೊದಲಿಗೆ ಕ್ಲಬ್ ಎನಿಸಿಕೊಂಡು, 1910ರಲ್ಲಿ ಹೊಸ ನಿಯಮಾವಳಿಯೊಂದಿಗೆ ‘ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿ’ ಎಂಬ ಹೆಸರು ಪಡೆಯಿತು. ಅದರ ಗ್ರಂಥಭಂಡಾರಕ್ಕೆ ಪುಣೆಯ ಫರ್ಗ್ಯುಸನ್ ಕಾಲೇಜು ಆಸರೆಯಾಯಿತು. ಮೊದಲ ಕಾರ್ಯದರ್ಶಿ ಕಾಗದ ಬರೆದವರೇ.

1909ರಲ್ಲಿ ಸಂಘದ ಪತ್ರಿಕೆ ಆರಂಭವಾದಾಗ ಅದರ ಹೊರೆ ಹೊತ್ತವರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್. 1927ರವರೆಗೆ, ಅಂದರೆ 18 ವರ್ಷ, ಅವರೇ ಸಂಪಾದಕರು. ಬಂದ ಲೇಖನ ಓದುವುದು, ತಿದ್ದುವುದು, ಅಚ್ಚಿನ ಕರಡು ನೋಡುವುದು. ಗಣಿತದಲ್ಲಿ ಒಂದು ಚಿಹ್ನೆ ತಪ್ಪಿದರೂ ಲೇಖನವೇ ಕೆಟ್ಟಿತು. ಈ ಕೆಲಸಕ್ಕೆ ಹಾರ ತುರಾಯಿಗಳಿಲ್ಲ. ಸಣ್ಣ ಪತ್ರಿಕೆ ನಡೆಸಿದವರಿಗೆ ಇದರ ಕಷ್ಟವನ್ನು ನಾವು ವಿವರಿಸಬೇಕಾಗಿಲ್ಲ.

ಈ ಮಹನೀಯರು ಕಾಗದ ಬರೆದು, ಲೆಕ್ಕ ಇಟ್ಟು, ಪುಸ್ತಕದ ಕಟ್ಟು ಕಟ್ಟಿ ಅಂಚೆಗೆ ಹಾಕುತ್ತಿದ್ದ ದಿನಗಳಲ್ಲಿ ಮುಂದೆ ಏನು ನಡೆಯಲಿದೆಯೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

1910ರಲ್ಲಿ ರಾಮಸ್ವಾಮಿ ಅಯ್ಯರ್ ತಮಿಳುನಾಡಿನ ತಿರುಕೋಯಿಲೂರಿನಲ್ಲಿದ್ದರು. ಅಲ್ಲಿಗೆ ಒಬ್ಬ ಬಡ ತರುಣ ಗುಮಾಸ್ತೆಯ ಕೆಲಸ ಕೇಳಿಕೊಂಡು ಬಂದ. ಕಾಲೇಜಿನ ಪರೀಕ್ಷೆಯಲ್ಲಿ ನಪಾಸಾದವ. ಕೈಯಲ್ಲಿ ಒಂದು ನೋಟುಪುಸ್ತಕ. ಅವನೇ ಶ್ರೀನಿವಾಸ ರಾಮಾನುಜನ್. ಬೇರೆ ಅಧಿಕಾರಿಯಾಗಿದ್ದರೆ ಕೆಲಸ ಕೊಡುತ್ತಿದ್ದರು, ಇಲ್ಲವೆ ಕಳಿಸಿಬಿಡುತ್ತಿದ್ದರು. ರಾಮಸ್ವಾಮಿ ಅಯ್ಯರ್ ಪುಸ್ತಕ ತೆರೆದು ನೋಡಿದರು. ಕಂದಾಯ ಇಲಾಖೆಯ ಕೆಳಮೆಟ್ಟಿಲಿನಲ್ಲಿ ಇಂಥವನನ್ನು ಕೂರಿಸಿ ಇವನ ಪ್ರತಿಭೆಯನ್ನು ಅಡಗಿಸಬಾರದೆಂದು ನಿಶ್ಚಯಿಸಿ, ಮದರಾಸಿನ ಗಣಿತಮಿತ್ರರಿಗೆ ಪರಿಚಯಪತ್ರ ಬರೆದುಕೊಟ್ಟರು.

ಮುಂದಿನ ಕಥೆಯಲ್ಲಿ ಬರುವವರೆಲ್ಲ ಸಂಘದ ಬಳಗದವರೇ ಎಂಬುದನ್ನು ವಾಚಕರು ಗಮನಿಸಬೇಕು. ಮದರಾಸಿನಲ್ಲಿ ಪಿ.ವಿ. ಶೇಷು ಅಯ್ಯರ್ ಅವನನ್ನು ಆರ್. ರಾಮಚಂದ್ರ ರಾಯರತ್ತ ಕಳಿಸಿದರು. ರಾಯರು ನೆಲ್ಲೂರಿನ ಕಲೆಕ್ಟರು, ಸಂಘದ ಕಾರ್ಯದರ್ಶಿ. ಅವರು ತಮ್ಮ ಕೈಯಿಂದ ತಿಂಗಳಿಗೆ 25 ರೂಪಾಯಿ ಕೊಟ್ಟು ಅವನ ಊಟ ವಸತಿಗೆ ದಾರಿ ಮಾಡಿದರು. 1912ರ ಮಾರ್ಚಿನಲ್ಲಿ ಮದರಾಸು ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತೆಯ ಕೆಲಸ ದೊರೆತಾಗ ಅಲ್ಲಿಯ ಹಿರಿಯ ಅಧಿಕಾರಿಯಾಗಿದ್ದವರು ಎಸ್. ನಾರಾಯಣ ಅಯ್ಯರ್; ಅವರು ಸಂಘದ ಖಜಾಂಚಿ. ಕಚೇರಿ ಮುಗಿದ ಮೇಲೆ ಇಬ್ಬರೂ ಸ್ಲೇಟು ಹಿಡಿದು ಲೆಕ್ಕಕ್ಕೆ ಕೂರುತ್ತಿದ್ದರು.

ಬೆಂಗಳೂರಿನ ಸಂಪಾದಕರ ಪಾಲೂ ಸಣ್ಣದಲ್ಲ. ರಾಮಾನುಜನ್ ಅವರ ಮೊದಲ ಪ್ರಬಂಧ, ಬರ್ನೂಲಿ ಸಂಖ್ಯೆಗಳನ್ನು ಕುರಿತದ್ದು, 1911ರಲ್ಲಿ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಬಂದ ರೂಪದಲ್ಲಿ ಅದು ಸಾಮಾನ್ಯ ಓದುಗನಿಗೆ ತಿಳಿಯುವಂತಿರಲಿಲ್ಲ. ಎರಡು ಮೆಟ್ಟಿಲ ನಡುವೆ ನಾಲ್ಕು ಮೆಟ್ಟಿಲು ಹಾರಿಬಿಡುವ ಬರವಣಿಗೆ. ನಾರಾಯಣ ಅಯ್ಯಂಗಾರ್ ಅದನ್ನು ಮೂಲೆಗೆ ಎಸೆಯಲಿಲ್ಲ; ಹಾಗೆಯೇ ಅಚ್ಚು ಹಾಕಲೂ ಇಲ್ಲ. ತಿದ್ದಿಬರಲೆಂದು ಒಂದಕ್ಕಿಂತ ಹೆಚ್ಚು ಸಲ ಹಿಂದಿರುಗಿಸಿ, ಕೊನೆಗೆ ಪ್ರಕಟಿಸಿದರು. ಅದೇ ವರ್ಷ ಪತ್ರಿಕೆಯ ಪ್ರಶ್ನೆಗಳ ಪುಟದಲ್ಲಿ ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದೆ ಸಾಗುವ ಒಂದು ಲೆಕ್ಕದ ಬೆಲೆಯೇನೆಂದು ರಾಮಾನುಜನ್ ಕೇಳಿದರು. ಆರು ತಿಂಗಳಾದರೂ ಯಾರಿಂದಲೂ ಉತ್ತರವಿಲ್ಲ. ಕಡೆಗೆ ಅವರೇ ಬಿಡಿಸಿ ತೋರಿಸಿದರು: ಉತ್ತರ 3.

1913ರ ಜನವರಿಯಲ್ಲಿ ಅವರು ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಬರೆದ ಪತ್ರ, 1914ರ ಸಮುದ್ರಯಾನ, 1918ರಲ್ಲಿ ಬಂದ ರಾಯಲ್ ಸೊಸೈಟಿಯ ಸದಸ್ಯತ್ವ, 1920ರ ಅಕಾಲ ಮರಣ ಎಲ್ಲರಿಗೂ ತಿಳಿದ ಸಂಗತಿ. ಸಂಘ ರಾಮಾನುಜನ್ ಅವರಿಗೆ ಗಣಿತ ಕಲಿಸಲಿಲ್ಲ. ಕಲಿಸುವ ಶಕ್ತಿಯೂ ಅದಕ್ಕಿರಲಿಲ್ಲ. ಅದು ಕೊಟ್ಟದ್ದು ಒಂದು ಪರಿಚಯಪತ್ರ, ಎರಡು ಹೊತ್ತಿನ ಊಟ, ನಾಲ್ಕು ಅಚ್ಚಿನ ಪುಟ. ಆದರೆ ಅವು ಆ ಹೊತ್ತಿಗೆ ಸಿಗಬೇಕಾಗಿದ್ದವು. 1910ರಲ್ಲಿ ತರುಣ ಬಂದು ಬಾಗಿಲು ತಟ್ಟಿದಾಗ ಸಂಘ ಅಲ್ಲಿತ್ತು. ಮೂರು ವರ್ಷದಿಂದ ಯಾರೋ ಅಂಚೆಯ ಕಟ್ಟು ಕಟ್ಟುತ್ತ ಅದನ್ನು ಉಳಿಸಿಕೊಂಡು ಬಂದಿದ್ದರು.

ಇನ್ನೊಂದು ಮಾತೂ ಹೇಳಬೇಕು. ರಾಮಸ್ವಾಮಿ ಅಯ್ಯರ್ 1910ರಲ್ಲಿ ಕಾರ್ಯದರ್ಶಿ ಸ್ಥಾನವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ತಾವು ಹುಟ್ಟಿಸಿದ ಸಂಘದ ಅಧ್ಯಕ್ಷರಾದದ್ದು 1926ರಲ್ಲಿ, ಅವರಿಗಿಂತ ಮುಂಚೆ ಹಲವರು ಆ ಕುರ್ಚಿಯಲ್ಲಿ ಕುಳಿತೆದ್ದ ಮೇಲೆ. ಹೊಣೆ ಹೊರುವುದೂ ಕೆಲಸ, ಹೊತ್ತು ಬಂದಾಗ ಇನ್ನೊಬ್ಬರ ಹೆಗಲಿಗೆ ದಾಟಿಸುವುದೂ ಕೆಲಸ. ಈ ಎರಡನೆಯದನ್ನು ಮರೆತು ಒಡೆದ ಸಂಘಗಳೆಷ್ಟಿಲ್ಲ!

ಇಷ್ಟು ಬರೆದ ಮೇಲೆ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಊರಿನಿಂದ ಹೊಸದಾಗಿ ಬಂದಿದ್ದ ಹುಡುಗನೊಬ್ಬ ಪತ್ರಿಕೆಗೆಂದು ಕೈಬರಹದ ಲೇಖನವನ್ನು ತಂದುಕೊಟ್ಟ. ಅಕ್ಷರ ಸ್ಫುಟವಾಗಿರಲಿಲ್ಲ, ವಿಷಯ ಅಲ್ಲಲ್ಲಿ ತೊಡಕಾಗಿತ್ತು. ‘ಪುರುಸೊತ್ತಾದಾಗ ನೋಡೋಣ’ ಎಂದು ಕಪಾಟಿನಲ್ಲಿಟ್ಟೆವು. ಎರಡು ವರ್ಷದ ಮೇಲೆ ಕಪಾಟು ಖಾಲಿ ಮಾಡುವಾಗ ಅದು ಹಾಗೆಯೇ ಸಿಕ್ಕಿತು. ಹುಡುಗ ಮತ್ತೆ ಸಂಘದತ್ತ ಬಂದಿರಲಿಲ್ಲ. ಅವನ ವಿಳಾಸವನ್ನೂ ನಾವು ಬರೆದಿಟ್ಟುಕೊಂಡಿರಲಿಲ್ಲ. ಅವನು ರಾಮಾನುಜನ್ ಆಗಿದ್ದನೆಂದು ನಾವು ಹೇಳುತ್ತಿಲ್ಲ. ತಿದ್ದಿಕೊಂಡು ಬಾ ಎಂಬ ಒಂದು ಮಾತಾದರೂ ಅವನಿಗೆ ನಮ್ಮಿಂದ ಸಲ್ಲಬೇಕಾಗಿತ್ತು.

ಸೇವೆಯ ಫಲ ಸನ್ಮಾನದ ಶಾಲಿನಲ್ಲಿಲ್ಲ. ಯಾರಾದರೂ ಬಂದು ಬಾಗಿಲು ತಟ್ಟಿದಾಗ ತೆರೆಯುವ ಭಾಗ್ಯ ನಮ್ಮದಾಗುತ್ತದೆ, ಅಷ್ಟೆ. ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂಬುದು ತಿಳಿಯದು. ಆದ್ದರಿಂದಲೇ ದಿನವೂ ಬಾಗಿಲಲ್ಲಿ ಒಬ್ಬರು ಇರಬೇಕು. ಈ ಸಲದ ಮಹಾಸಭೆಯಲ್ಲಿ ಅಧ್ಯಕ್ಷರು ಆ ಹಳೆಯ ಪ್ರಶ್ನೆಯನ್ನು ಕೇಳುವಾಗ, ಗಡಿಯಾರ ನೋಡಿಕೊಳ್ಳುವ ಮೊದಲು ಗುತ್ತಿಯ ಆ ಡೆಪ್ಯುಟಿ ಕಲೆಕ್ಟರರನ್ನು ಒಮ್ಮೆ ನೆನೆಯೋಣ. ಕೈಯೆತ್ತಲು ಮನಸ್ಸಾದವರಿಗೆ ಕಪಾಟಿನ ಬೀಗದ ಕೈಯನ್ನು ಒಪ್ಪಿಸಲು ನಾವು ಸಿದ್ಧರಿದ್ದೇವೆ.