ದರಿಯಾ-ಎ-ನೂರ್: ಕೃಷ್ಣಾ ತೀರದ ಗುಲಾಬಿ ವಜ್ರ

ದರಿಯಾ-ಎ-ನೂರ್ ತಿಳಿ ಗುಲಾಬಿ ಬಣ್ಣದ ವಜ್ರ. ಟೆಹರಾನಿನಲ್ಲಿ ಇರಾನಿನ ಕೇಂದ್ರ ಬ್ಯಾಂಕಿನ ವಶದಲ್ಲಿರುವ ರಾಷ್ಟ್ರೀಯ ರತ್ನ ಭಂಡಾರದ ಹೆಸರಾಂತ ಹರಳು ಇದು. ಉದ್ದ 41.40 ಮಿಲಿಮೀಟರ್, ಅಗಲ 29.50, ದಪ್ಪ 12.15, ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದು. ಚೌಕಟ್ಟಿನಿಂದ ಬಿಡಿಸದೆ ಅಳತೆಯ ಮೇಲಷ್ಟೇ ಲೆಕ್ಕ ಹಾಕಿರುವುದರಿಂದ ತೂಕವನ್ನು 175ರಿಂದ 195 ಕ್ಯಾರೆಟ್ ಎಂದು ಅಂದಾಜಿಸಲಾಗಿದೆ. ಸಾಮಾನ್ಯವಾಗಿ ಹೇಳುವ ಅಂಕಿ 182 ಕ್ಯಾರೆಟ್, ಅಂದರೆ ಸುಮಾರು ಮೂರು ತೊಲ. ಸಾಣೆ ಹಿಡಿದ ಗುಲಾಬಿ ವಜ್ರಗಳಲ್ಲಿ ಇಷ್ಟು ದೊಡ್ಡವು ಜಗತ್ತಿನಲ್ಲೇ ಅಪರೂಪ. ಹೆಸರಿನ ಅರ್ಥ ಬೆಳಕಿನ ಕಡಲು. ಇದರ ಜೊತೆಯಲ್ಲೇ ಇರಾನಿಗೆ ಹೋದ ಕೊಹಿನೂರ್ ಬೆಳಕಿನ ಬೆಟ್ಟ.

ವಜ್ರಕ್ಕೆ ಹಳದಿ ಬರುವುದು ಸಾಮಾನ್ಯವಾಗಿ ಅದರೊಳಗೆ ಸೇರಿದ ನೈಟ್ರೋಜನ್‌ನಿಂದ, ನೀಲಿ ಬರುವುದು ಬೋರಾನ್‌ನಿಂದ. ಗುಲಾಬಿಗೆ ಸಾಮಾನ್ಯವಾಗಿ ಇಂಥ ಯಾವ ಬೆರಕೆಯೂ ಕಾರಣವಲ್ಲ. ಭೂಮಿಯ ಆಳದ ಒತ್ತಡಕ್ಕೆ ಸಿಕ್ಕಿ ಹರಳಿನೊಳಗಿನ ಇಂಗಾಲದ ಜೋಡಣೆ ಜರುಗಿದಾಗ ಅದು ಹಸಿರು ಬೆಳಕನ್ನು ಹೀರತೊಡಗುತ್ತದೆ. ಉಳಿದ ಬೆಳಕು ಕಣ್ಣಿಗೆ ಗುಲಾಬಿಯಾಗಿ ಕಾಣುತ್ತದೆ. ಒತ್ತಡ ತೀರಾ ಹೆಚ್ಚಾದರೆ ಬಣ್ಣ ಕಂದಿಗೆ ತಿರುಗುತ್ತದೆ. ಆದ್ದರಿಂದಲೇ ಗುಲಾಬಿ ವಜ್ರಗಳು ವಿರಳ, ಸಿಕ್ಕರೂ ಬಹುಪಾಲು ಚಿಕ್ಕವು.

ಈ ವಜ್ರ ಹುಟ್ಟಿದ್ದು ಕೊಲ್ಲೂರಿನ ಗಣಿಯಲ್ಲಿ ಎಂಬುದು ಸಾಮಾನ್ಯ ಅಭಿಪ್ರಾಯ. ಇದು ಮೂಕಾಂಬಿಕೆಯ ಕೊಲ್ಲೂರಲ್ಲ. ಇಂದಿನ ಆಂಧ್ರಪ್ರದೇಶದಲ್ಲಿ ಕೃಷ್ಣಾ ನದಿಯ ಬಲದಂಡೆಯಲ್ಲಿದ್ದ ಊರು, ಆಗ ಗೋಲ್ಕೊಂಡದ ಕುತುಬ್ ಶಾಹಿಗಳ ಆಳ್ವಿಕೆಗೆ ಸೇರಿತ್ತು. 17ನೇ ಶತಮಾನದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ರತ್ನ ವ್ಯಾಪಾರಿ ಜಾಂ ಬಾಪ್ತಿಸ್ತ್ ಟಾವೆರ್ನಿಯೆ ಈ ಸ್ಥಳವನ್ನು ‘ಗಣಿ’ ಎಂದೇ ಹೆಸರಿಸುತ್ತಾನೆ. ಊರಿನವರು ಆಡುತ್ತಿದ್ದ ಮಾತು ಅವನ ಪುಸ್ತಕದಲ್ಲಿ ಊರಿನ ಹೆಸರಾಗಿಬಿಟ್ಟಿದೆ. ಕಿರುಧಾನ್ಯ ಬಿತ್ತಲು ನೆಲ ಅಗೆಯುತ್ತಿದ್ದ ಬಡವನೊಬ್ಬನಿಗೆ ಸುಮಾರು 25 ಕ್ಯಾರೆಟ್ಟಿನ ಹರಳು ಸಿಕ್ಕಿದ್ದರಿಂದ ಗಣಿ ಶುರುವಾಯಿತೆಂದೂ ಅವನು ಬರೆದಿದ್ದಾನೆ. ಅವನು ಕಂಡಾಗ ಅಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ 60,000 ಮಂದಿ ದುಡಿಯುತ್ತಿದ್ದರಂತೆ.

ಗಂಡಸರು ಹತ್ತರಿಂದ ಹದಿನಾಲ್ಕು ಅಡಿ ಆಳಕ್ಕೆ, ನೀರು ಬರುವವರೆಗೆ ಅಗೆಯುತ್ತಿದ್ದರು. ಪಕ್ಕದಲ್ಲೇ ನೆಲವನ್ನು ಹದಮಾಡಿ, ಸುತ್ತ ಎರಡಡಿ ಎತ್ತರದ ಗೋಡೆ ಕಟ್ಟಿ ಒಂದು ಕಣ ಸಿದ್ಧವಾಗುತ್ತಿತ್ತು. ಕೆಲಸಕ್ಕೆ ಮುನ್ನ ದೇವರ ಕಲ್ಲಿಗೆ ಪೂಜೆ. ಎಲ್ಲರ ಹಣೆಗೂ ಕೇಸರಿಯ ಬೊಟ್ಟು, ಅದರ ಮೇಲೆ ಏಳೆಂಟು ಅಕ್ಕಿಕಾಳು, ಆಮೇಲೆ ಊಟ. ಹೆಂಗಸರೂ ಮಕ್ಕಳೂ ಹೊತ್ತು ತಂದ ಮಣ್ಣನ್ನು ಕಣದಲ್ಲಿ ಸುರಿದು, ಗುಂಡಿಯ ನೀರನ್ನೇ ಎತ್ತಿ ಹೊಯ್ದು, ಅಂಬಲಿಯಂತೆ ಕದಡಿದ ಮೇಲೆ ಗೋಡೆಯ ಕಿಂಡಿ ತೆರೆದು ಕೆಸರುನೀರನ್ನು ಹರಿಯಬಿಡುತ್ತಿದ್ದರು. ಉಳಿದದ್ದು ಒಣಗಿದಾಗ ಮೊರದಲ್ಲಿ ಕೇರುವುದು, ಹೆಂಟೆಗಳನ್ನು ಒನಕೆಯಂಥ ಕೊರಡುಗಳಿಂದ ಕುಟ್ಟುವುದು, ಮತ್ತೆ ಕೇರುವುದು. ಕೊನೆಗೆ ಸಾಲಾಗಿ ಕುಳಿತು ಕೈಯಿಂದಲೇ ಹರಳು ಹುಡುಕುವುದು. ರೈತಾಪಿ ಜನ ಕಣದಲ್ಲಿ ಕಾಳು ಹಸನುಮಾಡುವ ವಿಧಾನಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಕೂಲಿ ಮಾತ್ರ ತೀರಾ ಕಡಿಮೆ. ಬಿಜಾಪುರದ ಆದಿಲ್ ಶಾಹಿಗಳ ಸೀಮೆಯಲ್ಲಿದ್ದ ರಾಮಲ್ಲಕೋಟೆಯ ಗಣಿಯಲ್ಲಿ ನುರಿತ ಕೆಲಸಗಾರನಿಗೂ ವರ್ಷಕ್ಕೆ ಮೂರು ವರಹಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ ಎಂದು ಟಾವೆರ್ನಿಯೆ ದಾಖಲಿಸಿದ್ದಾನೆ. ಏಳೆಂಟು ಮಂಜಾಡಿ ತೂಗುವ ಹರಳು ಸಿಕ್ಕರೆ ಒಂದು ಪೇಟವೂ ಸ್ವಲ್ಪ ಹಣವೂ ಬಹುಮಾನ. ಮಂಜಾಡಿ ಎಂಬುದು ಕೆಂಪು ಬೀಜದ ಹೆಸರಿನ ತೂಕ. ಗೋಲ್ಕೊಂಡ ಮತ್ತು ಬಿಜಾಪುರಗಳಲ್ಲಿ ಒಂದು ಮಂಜಾಡಿಗೆ ಒಂದೂ ಮೂರೆಂಟಾಂಶ ಕ್ಯಾರೆಟ್ ಲೆಕ್ಕ ನಡೆಯುತ್ತಿತ್ತು.

1642ರಲ್ಲಿ ಗೋಲ್ಕೊಂಡದ ವ್ಯಾಪಾರಿಯೊಬ್ಬ ಟಾವೆರ್ನಿಯೆಗೆ ಒಂದು ಚಪ್ಪಟೆ ವಜ್ರ ತೋರಿಸಿದ. ತೂಕ 176 ಮಂಜಾಡಿಗೆ ತುಸು ಹೆಚ್ಚು, ಎಂದರೆ ಸುಮಾರು 242 ಕ್ಯಾರೆಟ್. ಭಾರತದ ವ್ಯಾಪಾರಿಗಳ ಕೈಯಲ್ಲಿ ಅವನು ಕಂಡ ಅತಿ ದೊಡ್ಡ ವಜ್ರ ಅದೇ. ಕೇಳಿದ ಬೆಲೆ 5,00,000 ರೂಪಾಯಿ. ಮಾಲೀಕನ ಒಪ್ಪಿಗೆ ಪಡೆದು ಟಾವೆರ್ನಿಯೆ ಅದರ ಸೀಸದ ಅಚ್ಚು ತೆಗೆದು ಸೂರತ್ತಿನ ಇಬ್ಬರು ಗೆಳೆಯರಿಗೆ ಕಳಿಸಿದ. ಕಲೆಯಿಲ್ಲದೆ ಚೊಕ್ಕವಾಗಿದ್ದರೆ 4,00,000ಕ್ಕೆ ಕೇಳು ಎಂದು ಅವರಿಂದ ಉತ್ತರ ಬಂತು. ಮಾಲೀಕ ಆ ಬೆಲೆಗೆ ಕೊಡಲಿಲ್ಲ. ವ್ಯಾಪಾರ ಮುರಿದುಬಿದ್ದರೂ 1676ರಲ್ಲಿ ಅಚ್ಚಾದ ಪ್ರವಾಸಕಥನದಲ್ಲಿ ಟಾವೆರ್ನಿಯೆ ಆ ವಜ್ರದ ಚಿತ್ರವನ್ನೂ ತೂಕವನ್ನೂ ಕೊಟ್ಟ. ಮೇಜಿನ ಹಲಗೆಯಂತೆ ಮಟ್ಟಸವಾಗಿದ್ದುದರಿಂದ ಅದಕ್ಕೆ ‘ಗ್ರೇಟ್ ಟೇಬಲ್’ ಎಂಬ ಹೆಸರು ನಿಂತಿತು.

ಔರಂಗಜೇಬ 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಗೆದ್ದ ಮೇಲೆ ದಖ್ಖನ್ನಿನ ವಜ್ರಸೀಮೆ ಮೊಗಲರದಾಯಿತು. ಅವರ ಖಜಾನೆಯೂ ಹೆಚ್ಚು ಕಾಲ ಉಳಿಯಲಿಲ್ಲ. 1739ರಲ್ಲಿ ಇರಾನಿನ ನಾದಿರ್ ಶಾ ಕರ್ನಾಲ್ ಯುದ್ಧದಲ್ಲಿ ಮುಹಮ್ಮದ್ ಶಾನನ್ನು ಸೋಲಿಸಿ ದಿಲ್ಲಿಯನ್ನು ಸೂರೆಮಾಡಿದ. ಮಯೂರ ಸಿಂಹಾಸನ, ಕೊಹಿನೂರ್‌ಗಳ ಜೊತೆ ಗುಲಾಬಿ ವಜ್ರವೂ ಹೋಯಿತು. 1747ರಲ್ಲಿ ನಾದಿರ್ ಕೊಲೆಯಾದಾಗ ಕೊಹಿನೂರ್ ಅಫ್ಘಾನರ ಕೈ ಸೇರಿತು. ದರಿಯಾ-ಎ-ನೂರ್ ಅವನ ಮೊಮ್ಮಗ ಶಾರುಖ್‌ನಿಗೆ ಉಳಿದು, ಹಲವು ಕೈ ದಾಟಿ ಜಂದ್ ವಂಶದ ಲುತ್ಫ್ ಅಲಿ ಖಾನನ ಬಳಿ ಬಂತು. ಅವನನ್ನು ಸೋಲಿಸಿದ ಆಗಾ ಮುಹಮ್ಮದ್ ಖಾನನಿಂದ ಅದು ಕಾಜಾರ್ ವಂಶದ ಸ್ವತ್ತಾಯಿತು.

ಆಗಾ ಮುಹಮ್ಮದನ ನಂತರ ಬಂದ ಫತ್ ಅಲಿ ಶಾ ಹರಳಿನ ಒಂದು ಮುಖದ ಮೇಲೆ ತನ್ನ ಹೆಸರನ್ನೂ ಬಿರುದನ್ನೂ ಹಿಜರಿ 1250 ಎಂಬ ವರ್ಷವನ್ನೂ ಕೆತ್ತಿಸಿದ. ವಜ್ರವನ್ನು ವಜ್ರದ ಪುಡಿಯಿಂದಲೇ ಕೊರೆಯಬೇಕಾದ್ದರಿಂದ ಇದು ತಾಳ್ಮೆ ಬೇಡುವ ಕೆಲಸ. ಆ ಹಿಜರಿ ವರ್ಷ ಶುರುವಾದದ್ದು 1834ರ ಮೇ ತಿಂಗಳಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಶಾ ತೀರಿಕೊಂಡ. ಮುಂದೆ ಆಳಿದ ನಾಸಿರುದ್ದೀನ್ ಶಾ ಈ ವಜ್ರ ಪ್ರಾಚೀನ ದೊರೆ ಸೈರಸ್‌ನ ಕಿರೀಟದ್ದೆಂದು ನಂಬಿದ್ದ. ತೋಳಬಂದಿಯಲ್ಲಿ, ಟೋಪಿಯ ತುರಾಯಿಯಲ್ಲಿ ಧರಿಸುತ್ತಿದ್ದ. ಇದನ್ನು ಕಾಯುವುದನ್ನೇ ಒಂದು ಗೌರವದ ಹುದ್ದೆಯನ್ನಾಗಿ ಮಾಡಿ ಗಣ್ಯರಿಗೆ ಕೊಡುತ್ತಿದ್ದ. ಇಂದು ಹರಳನ್ನು ಸುತ್ತುವರಿದಿರುವ ಚೌಕಟ್ಟಿನಲ್ಲಿ ಸಿಂಹ, ಸೂರ್ಯ, ಕಿರೀಟಗಳ ಲಾಂಛನವಿದೆ. 457 ಚಿಕ್ಕ ವಜ್ರಗಳೂ ನಾಲ್ಕು ಮಾಣಿಕ್ಯಗಳೂ ಇವೆ.

20ನೇ ಶತಮಾನದಲ್ಲಿ ಪ್ರಶ್ನೆ ಬದಲಾಯಿತು: ವಜ್ರ ಅರಸನದೋ, ದೇಶದ್ದೋ? 1909ರಲ್ಲಿ ಪದಚ್ಯುತನಾದ ಮುಹಮ್ಮದ್ ಅಲಿ ಶಾ ರಷ್ಯಾದ ದೂತಾವಾಸದಲ್ಲಿ ಆಶ್ರಯ ಪಡೆದಾಗ ಇದನ್ನೂ ತನ್ನ ಸ್ವಂತದ್ದೆಂದು ಒಯ್ದಿದ್ದ. ಸಂವಿಧಾನವಾದಿಗಳು ಬಿಡದೆ ವಾಪಸು ಪಡೆದರು. 1926ರಲ್ಲಿ ರೆಜಾ ಶಾ ಪಟ್ಟವೇರಿದಾಗ ಅದು ಅವನ ಸೇನಾ ಟೋಪಿಯ ಮೇಲಿತ್ತು. 1937ರ ಕಾನೂನು ರಾಜರತ್ನಗಳನ್ನು ಸರ್ಕಾರದ ಸ್ವತ್ತಾಗಿಸಿ, ನೋಟು ಚಲಾವಣೆಗೆ ಆಧಾರವಾಗಿ ಬ್ಯಾಂಕಿಗೆ ವಹಿಸಿತು. ವಜ್ರ ಇಂದಿಗೂ ಬ್ಯಾಂಕಿನಲ್ಲಿರುವುದು ಈ ಕಾರಣದಿಂದ.

1965ರಲ್ಲಿ ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಮ್ಮಿನ ವಿ.ಬಿ. ಮೀನ್ ಮತ್ತು ಎ.ಡಿ. ಟಷಿಂಗ್‌ಹ್ಯಾಮ್ ಇದ್ದ ಕೆನಡಾದ ತಂಡ ಭಂಡಾರವನ್ನು ಪರೀಕ್ಷಿಸಿತು. ಅಲ್ಲಿ ಸುಮಾರು 60 ಕ್ಯಾರೆಟ್ಟಿನ ನೂರ್-ಉಲ್-ಐನ್ ಎಂಬ ಇನ್ನೊಂದು ಗುಲಾಬಿ ವಜ್ರವೂ ಇತ್ತು. 1959ರಲ್ಲಿ ರಾಣಿ ಫರಾಳ ಮದುವೆಯ ಕಿರೀಟದ ನಡುವೆ ಕೂರಿಸಿದ್ದು ಅದನ್ನೇ. ಎರಡೂ ಹರಳುಗಳ ಬಣ್ಣ ಒಂದೇ. ಆಕಾರವನ್ನು ಟಾವೆರ್ನಿಯೆಯ ಚಿತ್ರದೊಂದಿಗೆ ಹೋಲಿಸಿ, ಇವೆರಡೂ ಗ್ರೇಟ್ ಟೇಬಲ್‌ನ ತುಂಡುಗಳೆಂದು ತಂಡ ತೀರ್ಮಾನಿಸಿತು. ಅದರ ಅಧ್ಯಯನ 1968ರಲ್ಲಿ ಪುಸ್ತಕವಾಗಿ ಬಂತು. 182 ಮತ್ತು 60 ಕೂಡಿದರೆ ಬರುವ 242 ಈ ವಾದಕ್ಕೆ ಪುರಾವೆಯಲ್ಲ. ಎರಡೂ ಅಂದಾಜಿನ ತೂಕಗಳು. ಕತ್ತರಿಸಿ ಸಾಣೆ ಹಿಡಿಯುವಾಗ ಒಂದಷ್ಟು ಪುಡಿಯಾಗಿ ಹೋಗಲೇಬೇಕು. ತೀರ್ಮಾನ ನಿಂತಿರುವುದು ಬಣ್ಣ ಮತ್ತು ಆಕಾರಗಳ ಮೇಲೆ.

ಕೊಲ್ಲೂರಿನ ಗಣಿ ಈಗ ಪುಲಿಚಿಂತಲ ಜಲಾಶಯದ ನೀರಿನಡಿ ಇದೆ. ಅಖಂಡವಾಗಿದ್ದಾಗ ಆ ವಜ್ರ ಹೇಗಿತ್ತೆಂಬುದನ್ನು ಉಳಿಸಿಕೊಟ್ಟಿರುವುದು ಅದನ್ನು ಕೊಳ್ಳಲಾಗದ ವ್ಯಾಪಾರಿ ಅಚ್ಚುಹಾಕಿಸಿದ ಚಿತ್ರ.